ಗರಿಕೆಯ ಮೇಲಿನ ಕೊನೆಯ ಹತ್ತು ಅಡಿ

ದುಬಾರೆಯ ಆನೆ ಶಿಬಿರಕ್ಕೆ ಬರುವ ಪ್ರವಾಸಿಗರಲ್ಲಿ ಕೆಲವರ ಕಾರಿನ ಡಿಕ್ಕಿಯಲ್ಲಿ ಗಾಲ್ಫ್ ಬ್ಯಾಗೂ ಇರುತ್ತದೆ. ಬೆಳಗ್ಗೆ ದೋಣಿಯಲ್ಲಿ ಕಾವೇರಿ ದಾಟಿ ಆನೆಗಳ ಸ್ನಾನ ನೋಡುತ್ತಾರೆ. ಆಮೇಲೆ ಕೆಲವರು ಮಡಿಕೇರಿಯ ಮರ್ಕರಾ ಡೌನ್ಸ್ ಕ್ಲಬ್ಬಿನ ಕಡೆ ಹೊರಟರೆ, ಇನ್ನು ಕೆಲವರು ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್ ಹಾದಿ ಹಿಡಿಯುತ್ತಾರೆ. ಪೊಲಿಬೆಟ್ಟದಲ್ಲಿ ಕಾಫಿ ತೋಟಗಳ ನಡುವೆಯೇ ಒಂಬತ್ತು ಕುಳಿಗಳ ಮೈದಾನವಿದೆ. ದುಬಾರೆಯಲ್ಲಿ ಗಾಲ್ಫ್ ಮೈದಾನ ಇಲ್ಲದಿದ್ದರೂ ಕೊಡಗಿಗೆ ಈ ಆಟ ಹೊಸದೇನಲ್ಲ.

ಬಯಲುಸೀಮೆಯಲ್ಲಿ ಆಡಿ ಬಂದವರಿಗೆ ಇಲ್ಲಿ ಮೊದಲು ಕೈಕೊಡುವುದು ಪಟ್. ಚೆಂಡು ಗ್ರೀನ್ ತಲುಪಿದ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳಕ್ಕೆ ಬಂದ ಮೇಲೆ, ಪಟರ್ ಎಂಬ ಚಪ್ಪಟೆ ಮುಖದ ಕೋಲಿನಿಂದ ಅದನ್ನು ಉರುಳಿಸಿ ಕುಳಿಗೆ ಸೇರಿಸುವ ಹೊಡೆತ ಅದು. ನೋಡುವವರಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಓಡಬೇಕಿಲ್ಲ, ತೋಳಲ್ಲಿ ಕಸುವು ಬೇಕಿಲ್ಲ, ಚೆಂಡು ಗಾಳಿಗೆ ಏಳುವುದೂ ಇಲ್ಲ. ಆದರೆ 72 ಹೊಡೆತದ ಸುತ್ತಿನಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಹೊಡೆತಗಳನ್ನು ಪಟ್‌ಗೆಂದೇ ಎತ್ತಿಟ್ಟಿರುತ್ತಾರೆ. ಅರ್ಧಕ್ಕರ್ಧ ಲೆಕ್ಕ ಗ್ರೀನ್ ಮೇಲೆಯೇ ಮುಗಿಯುತ್ತದೆ.

ಪಟ್‌ನ ಬೆಲೆ ಎಷ್ಟೆಂದು ಕನ್ನಡಿಗರಿಗೆ ತೋರಿಸಿಕೊಟ್ಟವರು ಬೆಂಗಳೂರಿನ ಅದಿತಿ ಅಶೋಕ್. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ಕಸುಮಿಗಸೆಕಿ ಕ್ಲಬ್ಬಿನಲ್ಲಿ ನಡೆದಾಗ ವಿಶ್ವ ಶ್ರೇಯಾಂಕದಲ್ಲಿ ಅವರ ಸ್ಥಾನ 200. ಮೊದಲ ಸ್ಥಾನದಲ್ಲಿದ್ದ ಅಮೆರಿಕದ ನೆಲ್ಲಿ ಕೊರ್ಡಾ ಹೊಡೆದ ಚೆಂಡು ಅದಿತಿಯ ಚೆಂಡನ್ನು ದಾಟಿ ಬಹಳ ಮುಂದೆ ಹೋಗಿ ಬೀಳುತ್ತಿತ್ತು. ಆ ವರ್ಷ ಕೋವಿಡ್ ಬಂದು ಹೋಗಿದ್ದರಿಂದ ಅದಿತಿಯ ಹೊಡೆತದ ದೂರ ಇನ್ನಷ್ಟು ಕುಗ್ಗಿತ್ತು. ಹೀಗಿದ್ದರೂ 67, 66, 68, 68 ಎಂದು ನಾಲ್ಕು ದಿನ ಆಡಿದ ಅವರು ಒಟ್ಟು 269 ಹೊಡೆತಗಳಲ್ಲಿ ಮುಗಿಸಿದರು. ಚಿನ್ನ ಗೆದ್ದ ಕೊರ್ಡಾಗೆ ಬೇಕಾದದ್ದು 267. ಬೆಳ್ಳಿ, ಕಂಚು ಹಂಚಿಕೊಂಡ ಜಪಾನಿನ ಮೊನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೊ ಇಬ್ಬರದೂ 268. ಕೊನೆಯ ಕುಳಿಯಲ್ಲಿ ಅದಿತಿಯ ದೂರದ ಪಟ್ ಒಳಗೆ ಬಿದ್ದಿದ್ದರೆ ಅವರೂ ಪದಕದ ಪ್ಲೇಆಫ್‌ಗೆ ನಿಲ್ಲುತ್ತಿದ್ದರು. ಚೆಂಡು ಕುಳಿಯ ಪಕ್ಕದಲ್ಲೇ ಹಾದುಹೋಯಿತು. ಆ ಬೆಳಗ್ಗೆ ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ಮನೆಗಳಲ್ಲೂ ಜನ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು.

ಆ ನಾಲ್ಕು ದಿನ ಅದಿತಿಯನ್ನು ಪದಕದ ಹತ್ತಿರ ಹಿಡಿದಿಟ್ಟದ್ದು ಪಟರ್. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಪುಟ್ಟ ಹುಡುಗಿಯಾಗಿದ್ದಾಗ ಆಟ ಶುರುಮಾಡಿದ ಅವರಿಗೆ ಕಸುವು ಕೂಡಿಬರುವ ಮೊದಲೇ ಗ್ರೀನ್ ಒಲಿದಿತ್ತು. ಟೋಕಿಯೊದಲ್ಲಿ ಅವರ ಬ್ಯಾಗ್ ಹೊತ್ತು ಕ್ಯಾಡಿಯಾಗಿ ನಡೆದವರು ತಾಯಿ. 2016ರ ರಿಯೊದಲ್ಲಿ ಆ ಕೆಲಸ ಮಾಡಿದ್ದು ತಂದೆ.

ಹಾಗೆಂದು ಗಾಲ್ಫ್ ಎಂದರೆ ಬರೀ ಪಟ್ ಎನ್ನಲಾಗದು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ವೃತ್ತಿಪರ ಟೂರ್‌ನ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿ, ಉತ್ತಮರಿಗೂ ಸಾಧಾರಣರಿಗೂ ಇರುವ ಅಂತರ ಹುಟ್ಟುವುದು ಹೆಚ್ಚಾಗಿ ದೂರದ ಹೊಡೆತಗಳಲ್ಲಿ ಎಂದು ತೋರಿಸಿದರು. ಆದರೆ ನಲವತ್ತು ದಾಟಿದ ವಾರಾಂತ್ಯದ ಆಟಗಾರ ತನ್ನ ಹೊಡೆತಕ್ಕೆ ಮೂವತ್ತು ಗಜ ಸೇರಿಸುವುದು ಕಷ್ಟದ ಮಾತು. ಒಂದು ಸುತ್ತಿನಲ್ಲಿ ನಾಲ್ಕು ಸಲ ಮೂರು ಪಟ್ ಹಾಕುತ್ತಿದ್ದವನು ಅದನ್ನು ಒಂದಕ್ಕೆ ಇಳಿಸಲು ಕೆಲವು ವಾರಗಳ ಅಭ್ಯಾಸ ಸಾಕು. ಸಾಮಾನ್ಯ ಆಟಗಾರರ ಮಟ್ಟಿಗೆ ಪಟ್ ಮುಖ್ಯವಾಗುವುದು ಈ ಕಾರಣಕ್ಕೆ.

ಬ್ರಾಡಿಯ ಲೆಕ್ಕದಲ್ಲಿ ಸಮಾಧಾನದ ಸಂಗತಿಯೂ ಒಂದಿದೆ. ಜಗತ್ತಿನ ಅತ್ಯುತ್ತಮ ವೃತ್ತಿಪರರೂ ಎಂಟು ಅಡಿ ದೂರದ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಕುಳಿಗೆ ಹಾಕುತ್ತಾರೆ. ಇಪ್ಪತ್ತು ಅಡಿಯಿಂದಾದರೆ ಏಳಕ್ಕೆ ಒಂದು ಬಿದ್ದೀತು. 90ರ ಆಸುಪಾಸಿನಲ್ಲಿ ಸುತ್ತು ಮುಗಿಸುವ ಹವ್ಯಾಸಿಗೆ ಅರ್ಧದಷ್ಟು ಒಳಗೆ ಬೀಳುವ ದೂರ ಐದು ಅಡಿ. ಹಾಗಾಗಿ ಎಂಟು ಅಡಿಯ ಪಟ್ ತಪ್ಪಿತೆಂದು ತಲೆ ಚಚ್ಚಿಕೊಳ್ಳುವುದಕ್ಕೆ ಅರ್ಥವಿಲ್ಲ. ಮೂವತ್ತು ಅಡಿಯಿಂದ ಹೊಡೆದ ಚೆಂಡು ಎಂಟು ಅಡಿ ಆಚೆಗೋ ಈಚೆಗೋ ನಿಂತರೆ ಮಾತ್ರ ಯೋಚಿಸಬೇಕು. ಮೂರನೆಯ ಪಟ್ ಹುಟ್ಟುವುದೇ ಅಲ್ಲಿ.

ಹೆಚ್ಚಿನವರು ಗ್ರೀನ್ ಮೇಲೆ ಬಗ್ಗಿ ಕೂತು, ಒಂದು ಕಣ್ಣು ಮುಚ್ಚಿ, ದಿಕ್ಕನ್ನು ಅಳೆಯುವುದರಲ್ಲೇ ಹೊತ್ತು ಕಳೆಯುತ್ತಾರೆ. ಆದರೆ ಮೂವತ್ತು ಅಡಿಯ ಪಟ್‌ನಲ್ಲಿ ದಿಕ್ಕು ಅಷ್ಟೇನೂ ಕೆಡುವುದಿಲ್ಲ. ಒಂದೆರಡು ಅಡಿ ಎಡಕ್ಕೋ ಬಲಕ್ಕೋ ಹೋಗುತ್ತದೆ, ಅಷ್ಟೆ. ಕೆಡುವುದು ದೂರ. ಮೊದಲು ದೂರ ಕಲಿಯಬೇಕು, ದಿಕ್ಕು ಆಮೇಲೆ. ಕುಳಿಯ ಅಳತೆಯೂ ಇದನ್ನೇ ಹೇಳುತ್ತದೆ. ಕುಳಿಯ ಅಗಲ 4.25 ಅಂಗುಲ, ಚೆಂಡಿನ ಅಗಲ 1.68 ಅಂಗುಲ. ಮೆಲ್ಲಗೆ ಬರುವ ಚೆಂಡಿಗೆ ಈ ಕುಳಿಯ ಪೂರ್ತಿ ಅಗಲ ಸಿಗುತ್ತದೆ, ಅಂಚಿಗೆ ತಾಗಿದರೂ ಒಳಗೆ ಬೀಳುತ್ತದೆ. ರಭಸದಿಂದ ಬಂದ ಚೆಂಡು ನಟ್ಟನಡುವೆ ಹಾದರಷ್ಟೇ ಬಿದ್ದೀತು, ಅಂಚಿಗೆ ತಾಗಿದರೆ ಸುತ್ತಿ ಹೊರಗೆ ಚಿಮ್ಮುತ್ತದೆ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ಆಮೇಲೆ ಗಾಲ್ಫ್ ಕಲಿಸಲು ಬಂದ ಡೇವ್ ಪೆಲ್ಜ್, ತಪ್ಪಿದರೆ ಕುಳಿಯಿಂದ 17 ಅಂಗುಲ ಆಚೆ ನಿಲ್ಲುವಷ್ಟು ವೇಗವೇ ಹದವಾದದ್ದು ಎಂದು ಪ್ರಯೋಗ ಮಾಡಿ ಹೇಳಿದರು. ಅದಕ್ಕಿಂತ ಮೆಲ್ಲಗಾದರೆ ಕುಳಿಯ ಸುತ್ತ ಬೂಟುಗಳು ಮೂಡಿಸಿದ ತಗ್ಗುದಿಣ್ಣೆಗಳು ಚೆಂಡನ್ನು ದಾರಿ ತಪ್ಪಿಸುತ್ತವೆ.

ದಿಕ್ಕಿನ ಮಾತು ಬರುವುದು ಹತ್ತು ಅಡಿಯ ಒಳಗೆ. ಅಲ್ಲಿ ಪಟರ್‌ನ ಮುಖವೇ ಎಲ್ಲ. ಕೋಲು ಹಿಂದೆ ಹೋಗಿ ಮುಂದೆ ಬರುವ ದಾರಿ ತುಸು ಸೊಟ್ಟಗಿದ್ದರೂ ನಡೆದೀತು. ಚೆಂಡಿಗೆ ತಾಗುವ ಗಳಿಗೆಯಲ್ಲಿ ಮುಖ ಎತ್ತ ತಿರುಗಿತ್ತೋ ಚೆಂಡು ಬಹುಪಾಲು ಅತ್ತಲೇ ಹೊರಡುತ್ತದೆ. ಮುಖ ಒಂದು ಡಿಗ್ರಿ ವಾರೆಯಾದರೆ ಹತ್ತು ಅಡಿ ದೂರದಲ್ಲಿ ಚೆಂಡು ಎರಡು ಅಂಗುಲದಷ್ಟು ಸರಿದಿರುತ್ತದೆ. ಕುಳಿಯ ನಡುವಿನಿಂದ ಅಂಚಿಗಿರುವ ದೂರವೂ ಹೆಚ್ಚುಕಮ್ಮಿ ಅಷ್ಟೇ. ಆರು ಅಡಿಯಿಂದ ಅದೇ ತಪ್ಪು ಮಾಡಿದರೆ ಚೆಂಡು ಒಳಗೇ ಬೀಳುತ್ತದೆ, ಇಪ್ಪತ್ತು ಅಡಿಯಿಂದ ಖಂಡಿತ ತಪ್ಪುತ್ತದೆ.

ಕೊಡಗಿನವರಿಗೆ ಇಲ್ಲೊಂದು ಅಡ್ಡಿಯಿದೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥ ಹಾಕಿ ಆಟಗಾರರನ್ನು ಕೊಟ್ಟ, 1997ರಿಂದ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬವನ್ನೇ ನಡೆಸಿಕೊಂಡು ಬಂದ ನಾಡು ಇದು. ಕೋಲು ಹಿಡಿಯುವುದು ಇಲ್ಲಿನವರಿಗೆ ಹೊಸದಲ್ಲ. ಆದರೆ ಹಾಕಿಯಲ್ಲಿ ಚೆಂಡು ತಳ್ಳುವಾಗ ದುಡಿಯುವ ಮಣಿಕಟ್ಟು ಪಟ್ ಹಾಕುವಾಗ ಸುಮ್ಮನಿರಬೇಕು. ಎರಡು ಭುಜ, ಎರಡು ತೋಳು ಸೇರಿ ಒಂದೇ ತುಂಡಾಗಿ ತೂಗಬೇಕು. ಮಣಿಕಟ್ಟು ಕೊನೆಗಳಿಗೆಯಲ್ಲಿ ಸಣ್ಣಗೆ ತಿರುಗಿದರೂ ಮುಖ ಒಂದು ಡಿಗ್ರಿ ಏನು, ಮೂರು ಡಿಗ್ರಿ ವಾರೆಯಾಗುತ್ತದೆ. ಮಣಿಕಟ್ಟು ಮಾತು ಕೇಳದಿದ್ದರೆ ಬಲಗೈ ಮೇಲೆ, ಎಡಗೈ ಕೆಳಗೆ ಮಾಡಿ ಹಿಡಿಯುವ ಉಪಾಯವುಂಟು, ಅನೇಕ ವೃತ್ತಿಪರರೂ ಹಾಗೆ ಹಿಡಿಯುತ್ತಾರೆ. ಹಾಕಿ ಆಡಿ ಬೆಳೆದವರು ಇದನ್ನು ಒಮ್ಮೆ ಪ್ರಯತ್ನಿಸಲೇಬೇಕು. ಹಿಡಿತ ತಲೆಕೆಳಗಾದಾಗ ಹಳೆಯ ಅಭ್ಯಾಸ ತಾನಾಗಿ ಹಿಂದೆ ಸರಿಯುತ್ತದೆ.

ಕಣ್ಣಿಗೂ ಕೆಲಸವಿದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ 1992ರಲ್ಲಿ ಪಟ್ ಹಾಕುವವರ ಕಣ್ಣಿನ ಚಲನೆಯನ್ನು ದಾಖಲಿಸಿ ಅಧ್ಯಯನ ಪ್ರಕಟಿಸಿದರು. ಚೆನ್ನಾಗಿ ಆಡುವವರ ನೋಟ ಹೊಡೆಯುವ ಮೊದಲು ಚೆಂಡಿನ ಮೇಲೆ ಎರಡು ಮೂರು ಸೆಕೆಂಡು ನೆಟ್ಟಿರುತ್ತದೆ, ಚೆಂಡು ಹೊರಟ ಮೇಲೂ ಅರೆಗಳಿಗೆ ಅದೇ ಜಾಗದಲ್ಲಿ ಉಳಿಯುತ್ತದೆ. ಕಲಿಯುವವರ ಕಣ್ಣು ಚೆಂಡಿಗೂ ಕುಳಿಗೂ ಪಟರ್‌ಗೂ ನಡುವೆ ಅಲೆಯುತ್ತಿರುತ್ತದೆ.

ಇನ್ನು ನೆಲದ ಸಂಗತಿ. ದಕ್ಷಿಣ ಭಾರತದ ಗ್ರೀನ್‌ಗಳಲ್ಲಿ ಹೆಚ್ಚಾಗಿ ಬೆಳೆಸುವುದು ಬರ್ಮುಡಾ ಹುಲ್ಲಿನ ತಳಿಗಳನ್ನು. ಇದು ದೂರದ ಯಾವುದೋ ಹುಲ್ಲಲ್ಲ, ಗಣಪತಿಗೆ ಏರಿಸುವ ಗರಿಕೆಯ ವಂಶದ್ದೇ. ಗರಿಕೆ ನೆಟ್ಟಗೆ ಮೇಲೇಳುವುದಿಲ್ಲ, ನೆಲಕ್ಕೆ ಒರಗಿ ಒಂದು ಕಡೆಗೆ ಹಬ್ಬುತ್ತದೆ. ಕ್ಯಾಡಿಗಳು ಗ್ರೇನ್ ಎನ್ನುವುದು ಈ ಒರಗನ್ನೇ. ಅದು ಹಬ್ಬಿದ ದಿಕ್ಕಿನಲ್ಲಿ ಹೊಡೆದರೆ ಚೆಂಡು ಜಾರಿಕೊಂಡು ಓಡುತ್ತದೆ, ಎದುರಾಗಿ ಹೊಡೆದರೆ ತಡೆದಂತೆ ನಿಂತುಬಿಡುತ್ತದೆ. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಮಿರುಗುತ್ತಿದ್ದರೆ ಅದು ಕುಳಿಯ ಕಡೆಗೆ ಒರಗಿದೆ ಎಂದರ್ಥ. ಮಬ್ಬಾಗಿ, ದಟ್ಟ ಹಸಿರಾಗಿ ಕಂಡರೆ ಆಟಗಾರನ ಕಡೆಗೆ ಒರಗಿದೆ. ಅನುಮಾನವಿದ್ದರೆ ಕುಳಿಯ ಅಂಚನ್ನೇ ಬಗ್ಗಿ ನೋಡಬೇಕು. ಬೆಳಗ್ಗೆ ಕತ್ತರಿಸಿದ ಕುಳಿಯ ಒಂದು ಬದಿ ಚೂಪಾಗಿ, ಹಸಿರಾಗಿ ಉಳಿದಿದ್ದರೆ ಇನ್ನೊಂದು ಬದಿಯ ಅಂಚು ಮಧ್ಯಾಹ್ನದ ಹೊತ್ತಿಗೆ ಕೆದರಿ, ಒಣಗಿ ಕಂದಾಗಿರುತ್ತದೆ. ಗರಿಕೆ ಹಬ್ಬುತ್ತಿರುವುದು ಆ ಕಂದಿದ ಬದಿಯ ಕಡೆಗೆ. ಹಿಂದೆ ನಮ್ಮ ಹಲವು ಮೈದಾನಗಳಲ್ಲಿ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳಿನ ಬ್ರೌನ್‌ಗಳಿದ್ದವು. ಅಲ್ಲಿ ಈ ತಲೆನೋವು ಇರಲಿಲ್ಲ.

ಗುಡ್ಡಗಾಡಿನ ಗ್ರೀನ್‌ಗಳು ಕಣ್ಣಿಗೆ ಮೋಸ ಮಾಡುತ್ತವೆ. ಹಿನ್ನೆಲೆಯ ಬೆಟ್ಟವೇ ಇಳಿಜಾರಾಗಿರುವಾಗ ಅದರ ಮುಂದಿನ ಗ್ರೀನ್ ಸಪಾಟಾಗಿದೆ ಎಂದು ತೋರುತ್ತದೆ, ನಿಜಕ್ಕೂ ಅದೂ ವಾಲಿರುತ್ತದೆ. ಚೆಂಡು ನೀರಿರುವ ಕಡೆಗೆ ಎಳೆಯುತ್ತದೆ ಎಂಬ ಮಾತು ಗಾಲ್ಫ್ ಆಡುವ ಊರುಗಳಲ್ಲೆಲ್ಲ ಇದೆ. ಹೊಳೆಗೆ ಅಂಥ ಶಕ್ತಿಯೇನೂ ಇಲ್ಲ. ಹೊಳೆ ಹರಿಯುವುದು ಸೀಮೆಯ ತಗ್ಗಿನಲ್ಲಿ, ನೆಲ ಒಟ್ಟಾರೆ ಅತ್ತ ವಾಲಿರುತ್ತದೆ, ಚೆಂಡು ಆ ವಾಲನ್ನು ಅನುಸರಿಸುತ್ತದೆ. ಆದ್ದರಿಂದ ಗ್ರೀನ್ ಹತ್ತುವ ಮೊದಲೇ, ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ನಿಂತು, ಈ ಅಂಗಳದ ಮೇಲೆ ಮಳೆ ಸುರಿದರೆ ನೀರು ಯಾವ ಕಡೆ ಇಳಿದು ಹೋದೀತು ಎಂದು ನೋಡುವುದು ಒಳ್ಳೆಯದು. ಆಮೇಲೆ ಚೆಂಡು ಮತ್ತು ಕುಳಿಯ ನಡುದಾರಿಯ ಪಕ್ಕದಲ್ಲಿ ಎರಡೂ ಕಾಲೂರಿ ನಿಂತರೆ ಯಾವ ಪಾದಕ್ಕೆ ಭಾರ ಹೆಚ್ಚು ಎಂದು ಗೊತ್ತಾಗುತ್ತದೆ. ಇಂಥ ಜಾಗದಲ್ಲಿ ಕಣ್ಣಿಗಿಂತ ಪಾದವನ್ನು ನಂಬುವುದೇ ಮೇಲು.

ಚಳಿಗಾಲದ ಬೆಳಗ್ಗೆ ಅಭ್ಯಾಸದ ಗ್ರೀನ್‌ಗೆ ಮೊದಲು ಬಂದವರಿಗೆ ಇಬ್ಬನಿಯೇ ಗುರು. ಚೆಂಡು ಉರುಳಿದ ದಾರಿ ಬಿಳಿ ಹುಲ್ಲಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಎಲ್ಲಿ ತಿರುವು ಶುರುವಾಯಿತು, ಎಷ್ಟು ತಿರುಗಿತು ಎಂಬುದೆಲ್ಲ ಅಲ್ಲಿ ಕಣ್ಣಿಗೆ ಕಾಣುತ್ತದೆ. ಹೆಚ್ಚಿನವರು ಅಂದುಕೊಂಡದ್ದಕ್ಕಿಂತ ತಿರುವು ಜಾಸ್ತಿ ಇರುತ್ತದೆ, ಅದರಲ್ಲೂ ಚೆಂಡಿನ ವೇಗ ಕುಗ್ಗುವ ಕೊನೆಯ ಮೂರು ಅಡಿಯಲ್ಲಿ. ಪಂದ್ಯದಲ್ಲಿ ಮಾತ್ರ ಎಚ್ಚರ ಬೇಕು. ಪಟ್‌ನ ದಾರಿಯ ಇಬ್ಬನಿಯನ್ನು ಒರೆಸುವುದು ನಿಯಮಕ್ಕೆ ವಿರುದ್ಧ. ಮಳೆನೀರು ನಿಂತಿದ್ದರೆ ಬೇರೆ ಮಾತು. ಚೆಂಡಿಗೂ ಕುಳಿಗೂ ನಡುವೆ ನೀರು ನಿಂತು ಅಡ್ಡಿಯಾದರೆ ದಂಡವಿಲ್ಲದೆ ಚೆಂಡನ್ನು ಎತ್ತಿ, ಕುಳಿಗೆ ಹತ್ತಿರವಾಗದಂತೆ, ಅಡ್ಡಿಯಿಲ್ಲದ ಸಮೀಪದ ಜಾಗದಲ್ಲಿ ಇಡಬಹುದು. ಕೊಡಗಿನಲ್ಲಿ ಆಡುವವರಿಗೆ ಈ ನಿಯಮ ಗೊತ್ತಿರಲೇಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ದಿನಗಳಲ್ಲಿ ಅಭ್ಯಾಸ ಮನೆಯೊಳಗೆ. ಜಮಖಾನದ ಮೇಲೆ ಎರಡು ಕಾಫಿ ಲೋಟಗಳನ್ನು ಪಟರ್‌ನ ತಲೆ ಕೂದಲೆಳೆಯಷ್ಟೇ ಬಿಟ್ಟು ತೂರುವಂತೆ ಇಟ್ಟು, ಅವುಗಳ ನಡುವೆ ಕೋಲು ಆಡಿಸಬೇಕು. ಎರಡಡಿ ಮುಂದೆ ಇನ್ನೆರಡು ಲೋಟಗಳು, ಚೆಂಡಿಗಿಂತ ಅರ್ಧ ಅಂಗುಲ ಮಾತ್ರ ಅಗಲದ ಸಂದಿ. ಚೆಂಡು ಆ ಸಂದಿಯಲ್ಲಿ ಲೋಟಕ್ಕೆ ತಾಗದೆ ದಾಟಿದರೆ ಪಟರ್‌ನ ಮುಖ ನೇರವಾಗಿತ್ತೆಂದು ಲೆಕ್ಕ. ದಿಕ್ಕಿಗೆ ಇಷ್ಟು ಸಾಕು. ದೂರವನ್ನು ಮಾತ್ರ ಜಮಖಾನದ ಮೇಲೆ ಕಲಿಯಲಾಗದು, ಅದಕ್ಕೆ ಹುಲ್ಲೇ ಬೇಕು.

ಹುಲ್ಲಿನ ವೇಗವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅದನ್ನು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಮೂರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿಯಿದೆ. ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಆಟಗಾರ 1935ರಲ್ಲಿ ರೂಪಿಸಿದ ಉಪಕರಣ ಅದು. ಓರೆಯಾಗಿ ಎತ್ತಿದ ಪಟ್ಟಿಯಿಂದ ಇಳಿದ ಚೆಂಡು ಗ್ರೀನ್ ಮೇಲೆ ಎಷ್ಟು ಅಡಿ ಉರುಳಿತೋ ಅದೇ ಆ ಗ್ರೀನಿನ ವೇಗ. ಏಳು ಅಡಿಯ ಗ್ರೀನ್ ನಿಧಾನದ್ದು, ಹನ್ನೆರಡು ದಾಟಿದರೆ ಗಾಜಿನಂಥದ್ದು. ಮಳೆಗಾಲದಲ್ಲಿ ಒದ್ದೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಲು ಆಗುವುದಿಲ್ಲ, ಚೆಂಡು ತೆವಳುತ್ತದೆ. ಮಳೆ ಹಿಂದೆ ಸರಿದು ಹುಲ್ಲು ಗಿಡ್ಡವಾದಾಗ ಹಳೆಯ ಬಲವನ್ನೇ ಹಾಕಿದವರ ಚೆಂಡು ಕುಳಿ ದಾಟಿ ಐದಾರು ಅಡಿ ಓಡುತ್ತದೆ. ಹೊಸ ಮೈದಾನಕ್ಕೆ ಬಂದವರು ಆಟ ಶುರುಮಾಡುವ ಮುನ್ನ ಕಾಲು ಗಂಟೆ ಅಭ್ಯಾಸದ ಗ್ರೀನ್‌ನಲ್ಲಿ ನಿಲ್ಲಬೇಕು. ಕುಳಿಯ ಗೊಡವೆ ಬಿಟ್ಟು ಹತ್ತು, ಇಪ್ಪತ್ತು, ಮೂವತ್ತು ಅಡಿಗೆ ಟೀ ಎಂಬ, ಚೆಂಡು ಇಡುವ ಸಣ್ಣ ಗೂಟವನ್ನು ಒಂದೊಂದು ಚುಚ್ಚಿ, ಚೆಂಡು ಆ ಗುರುತಿನ ಪಕ್ಕದಲ್ಲೇ ನಿಲ್ಲುವಂತೆ ಉರುಳಿಸಬೇಕು. ಮೊದಲು ಏರಿಗೆ, ಆಮೇಲೆ ಇಳಿಜಾರಿಗೆ.