ಎರಡು ವರ್ಷದ ಗಡುವು, 91 ವರ್ಷದ ಕಪ್ಪೆ

ಪಶ್ಚಿಮ ಘಟ್ಟದ ಅತಿ ಎತ್ತರದ ಶಿಖರ ಕೇರಳದ ಆನಮುಡಿ, 2,695 ಮೀಟರ್. ಅದರ ನೆತ್ತಿಯ ಹುಲ್ಲಿನ ಬುಡದಲ್ಲಿ ಕಿತ್ತಳೆ ಬಣ್ಣದ, ಮೈಯೆಲ್ಲ ಗಂಟುಗಂಟಾದ, ನೆಗೆಯುವ ಬದಲು ತೆವಳಿಕೊಂಡೇ ಓಡಾಡುವ ಪುಟ್ಟ ಕಪ್ಪೆಯೊಂದಿದೆ ಎಂದು ವಿಜ್ಞಾನಲೋಕಕ್ಕೆ ತಿಳಿದದ್ದು 2010ರ ಏಪ್ರಿಲ್‌ನಲ್ಲಿ. ತಿಳಿಸಿದ್ದು ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆ. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರ ಆ ಪ್ರಬಂಧ ಒಂದು ಕಪ್ಪೆಗೆ ಹೆಸರಿಟ್ಟು ಸುಮ್ಮನಾಗಲಿಲ್ಲ. ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯೊಳಗಿಂದ ನೇರವಾಗಿ ಮರಿಕಪ್ಪೆಯಾಗಿ ಹೊರಬರುವ ಪೊದೆಗಪ್ಪೆಗಳ ದೊಡ್ಡ ಬಳಗವೊಂದನ್ನು ಬೇರೆ ಮಾಡಿ ಅದಕ್ಕೆ ಹೊಸ ಕುಲನಾಮ ಕೊಟ್ಟಿತು: ರಾವೋರ್ಕೆಸ್ಟಿಸ್. ಇಂದು ಈ ಕುಲದಲ್ಲಿ 70ಕ್ಕೂ ಹೆಚ್ಚು ಪ್ರಭೇದಗಳಿವೆ.

ಹೆಸರಿನ ಮೊದಲಲ್ಲಿರುವ ರಾವ್ ಎಂದರೆ ಸಿ.ಆರ್. ನಾರಾಯಣ ರಾವ್. ಬೇಕೆಂದೇ ಮಾಡಿದರೋ ತಾನಾಗಿ ಕೂಡಿಬಂತೋ, ಆ ಪ್ರಬಂಧ ಅಚ್ಚಾದ ಪತ್ರಿಕೆಯ ಮೊದಲ ಸಂಪಾದಕರೂ ಇದೇ ನಾರಾಯಣ ರಾವ್. ತಾವು 1932ರಲ್ಲಿ ಕಟ್ಟಿದ ಪತ್ರಿಕೆಯಲ್ಲಿ, ತಾವು ತೀರಿಕೊಂಡು ಅರ್ಧ ಶತಮಾನವಾದ ಮೇಲೆ, ಅವರ ಹೆಸರು ಒಂದು ಕಪ್ಪೆಕುಲಕ್ಕೆ ಸಂದಿತು. ಬೆಂಗಳೂರಿನ ಪತ್ರಿಕೆಗಳಲ್ಲಿ ಇದು ಎಷ್ಟು ದೊಡ್ಡ ಸುದ್ದಿಯಾಗಬೇಕಿತ್ತೋ ಅಷ್ಟಾಗಲಿಲ್ಲ. ಭೌತವಿಜ್ಞಾನಿ ಸಿ.ವಿ. ರಾಮನ್ ಹೆಸರು ಹೇಳಿದರೆ ಶಾಲೆಯ ಮಗುವಿಗೂ ಗೊತ್ತು. ನಾರಾಯಣ ರಾವ್ ಯಾರೆಂದು ಪ್ರಾಣಿಶಾಸ್ತ್ರ ಓದಿದವರನ್ನು ಕೇಳಿದರೂ ತಡವರಿಸುತ್ತಾರೆ.

1882ರಲ್ಲಿ ಹುಟ್ಟಿದ ರಾವ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಆಗ ನಮ್ಮ ಕಾಡಿನ ಪ್ರಾಣಿಗಳಿಗೆ ಹೆಸರಿಡುವ ಕೆಲಸ ಬಹುಮಟ್ಟಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೋ ಕಲ್ಕತ್ತೆಯಲ್ಲೋ ಆಗುತ್ತಿತ್ತು. ಹಿಡಿಯುವವರು ಇಲ್ಲಿಯವರು, ಹೆಸರಿಡುವವರು ಅಲ್ಲಿಯವರು. ಮೇಷ್ಟರು ಈ ಪದ್ಧತಿಯನ್ನು ಸದ್ದಿಲ್ಲದೆ ಮುರಿದರು. ಕೊಡಗಿನ ಬ್ರಹ್ಮಗಿರಿ ಸೀಮೆಯಲ್ಲಿ, ಕಾವೇರಿಯ ಪವಿತ್ರ ಜೌಗಿನಲ್ಲಿ ಸಿಕ್ಕ ಇರುಳುಗಪ್ಪೆಗೆ ಅವರು ಹೆಸರಿಟ್ಟದ್ದು 1920ರಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ. 1925ರಲ್ಲಿ ರಾಮಣ್ಣ ಎಂಬವರ ಜೊತೆ ಸೇರಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ‘ರಾಮನೆಲ್ಲ’ ಎಂಬ ಹೊಸ ಕುಲವನ್ನೇ ಪ್ರಕಟಿಸಿದರು. (ಆ ಕುಲ ಈಗಿಲ್ಲ. ಡಿಎನ್‌ಎ ನೋಡಿದವರು ಅದನ್ನು 2016ರಲ್ಲಿ ಬೇರೊಂದು ಕುಲದೊಳಗೆ ಸೇರಿಸಿಬಿಟ್ಟರು. ಕಪ್ಪೆ ಇದೆ, ಹೆಸರು ಹೋಯಿತು. ನಾರಾಯಣ ರಾಯರ ಮಿಕ್ಕ ಹಲವು ಕಪ್ಪೆಗಳಿಗೆ ಆದದ್ದು ಇದರ ತಿರುಗುಮುರುಗು: ಹೆಸರು ಉಳಿಯಿತು, ಕಪ್ಪೆ ಕಾಣೆಯಾಯಿತು.)

1932ರ ಹೊತ್ತಿಗೆ ಅವರಿಗೆ ಇನ್ನೊಂದು ಹಟ ಹತ್ತಿತ್ತು. ಇಂಗ್ಲೆಂಡಿನ ‘ನೇಚರ್’ ಥರದ ಪತ್ರಿಕೆಯೊಂದು ಇಲ್ಲೇ ಹೊರಡಬೇಕು, ಇಲ್ಲಿಯವರ ಶೋಧ ಇಲ್ಲೇ ಅಚ್ಚಾಗಬೇಕು. ರಾಮನ್, ಬೀರಬಲ್ ಸಾಹ್ನಿ, ಮೇಘನಾದ ಸಾಹಾರಂಥ ಘಟಾನುಘಟಿಗಳ ಬೆಂಬಲದಿಂದ ‘ಕರೆಂಟ್ ಸೈನ್ಸ್’ ಶುರುವಾಯಿತು. ಎರಡೇ ವರ್ಷದಲ್ಲಿ ಆ ಘಟಾನುಘಟಿಗಳೇ ವಿಜ್ಞಾನ ಅಕಾಡೆಮಿ ಎಲ್ಲಿ ಇರಬೇಕು, ಯಾರ ಕೈಯಲ್ಲಿರಬೇಕು ಎಂದು ಜಗಳ ತೆಗೆದರು. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ತಮ್ಮ ಅಕಾಡೆಮಿಯನ್ನು ನೋಂದಾಯಿಸಿದರು, ಸಾಹಾ ಕಡೆಯವರು ಮರುವರ್ಷ ಕಲ್ಕತ್ತೆಯಲ್ಲಿ ತಮ್ಮದನ್ನು. ಈ ರಂಪದ ಚರಿತ್ರೆಯನ್ನು ಭೌತಶಾಸ್ತ್ರದವರು ಬೇಕಾದಷ್ಟು ಬರೆದಿದ್ದಾರೆ. ನಮಗೆ ಬೇಕಾದದ್ದು ಅದರ ಒಂದು ಸಣ್ಣ ಫಲ ಮಾತ್ರ. ಬೆಂಗಳೂರಿನ ಅಕಾಡೆಮಿ ತನ್ನದೇ ಪ್ರೊಸೀಡಿಂಗ್ಸ್ ಹೊರತಂದಿತು, ಅದರ ಆರನೇ ಸಂಪುಟದಲ್ಲಿ, 1937ರಲ್ಲಿ, ನಾರಾಯಣ ರಾಯರ ಸುಮಾರು 40 ಪುಟದ ಪ್ರಬಂಧ ಬಂತು: ದಕ್ಷಿಣ ಭಾರತದ ಕೆಲವು ಹೊಸ ಕಪ್ಪೆಗಳು.

ಆ ಪ್ರಬಂಧದ ಊರುಗಳ ಪಟ್ಟಿ ನೋಡಿದರೆ ಮಲೆನಾಡಿನ ಬಸ್ಸಿನಲ್ಲಿ ಕೂತ ಹಾಗಾಗುತ್ತದೆ. ಸಕಲೇಶಪುರದಾಚೆಯ ಕೆಂಪುಹೊಳೆ ಇದೆ, ಕೊಡಗಿದೆ. ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರವೂ ಇದೆ. ಕೊಟ್ಟಿಗೆಹಾರ ಈಗ ನೀರುದೋಸೆಗೂ ತೇಜಸ್ವಿ ಪ್ರತಿಷ್ಠಾನಕ್ಕೂ ಹೆಸರಾದ ಊರು. ಕಪ್ಪೆಯವರಿಗೆ ಮಾತ್ರ ಅದು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್‌ನ ತವರು. ಝರಿಯ ಭೋರ್ಗರೆತದಲ್ಲಿ ಕೂಗಿದ್ದು ಕೇಳಿಸದು ಎಂದು ಹಿಂಗಾಲು ಚಾಚಿ, ಬೆರಳು ಬಿಡಿಸಿ ಸನ್ನೆ ಮಾಡುವ, ‘ಕುಣಿಯುವ ಕಪ್ಪೆ’ ಎಂದು ಈಚೆಗೆ ಟಿ.ವಿ.ಯಲ್ಲೆಲ್ಲ ಬಂದ ಗುಂಪಿನದು. ಊರಿನ ಹೆಸರನ್ನು ಜಗತ್ತಿನ ಪ್ರಾಣಿಪಟ್ಟಿಗೆ ಸೇರಿಸಿದವರು ಈ ಮೇಷ್ಟರು.

ಹೊಸ ಪ್ರಭೇದವೊಂದನ್ನು ಪ್ರಕಟಿಸುವುದಕ್ಕೆ ಎರಡು ಕಾಲು. ಒಂದು, ಅಚ್ಚಾದ ವಿವರಣೆ. ಇನ್ನೊಂದು, ಆ ವಿವರಣೆಗೆ ಆಧಾರವಾದ ಮೂಲ ಮಾದರಿ, ಅಂದರೆ ಸ್ಪಿರಿಟ್ ಜಾಡಿಯಲ್ಲಿ ಚೀಟಿ ಕಟ್ಟಿಕೊಂಡು ಕೂತ ಕಪ್ಪೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಜಾಡಿ ತೆರೆದು ಬೆರಳಿನ ತುದಿ, ಚರ್ಮದ ಸುಕ್ಕು, ಹಲ್ಲು ನೋಡಬೇಕು. ರಾಯರ ಮಾದರಿಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಈಗ ಇಲ್ಲ. ಜಗತ್ತಿನ ಉಭಯಚರಗಳ ಅಧಿಕೃತ ಪಟ್ಟಿಗಳಲ್ಲಿ ಅವರ ಪ್ರಭೇದಗಳ ಮುಂದೆ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: ಮಾದರಿ ಸೆಂಟ್ರಲ್ ಕಾಲೇಜು, ಬೆಂಗಳೂರು, ಕಳೆದುಹೋಗಿದೆ. ಓದುತ್ತ ಹೋದರೆ ಹೊಟ್ಟೆ ಉರಿಯುತ್ತದೆ.

ಹೊಟ್ಟೆ ಉರಿಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಫ್ರಾನ್ಸಿನ ಅಲೇನ್ ಡ್ಯುಬುವಾ ಇದೇ ಕೆಂಪುಹೊಳೆಯ ಕಪ್ಪೆಯೊಂದಕ್ಕೆ 1986ರಲ್ಲಿ ಗುಂಡ್ಯದ ಹೆಸರಿಟ್ಟರು. ಅದರ ಮೂಲ ಮಾದರಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ. ಒಂದೇ ಕಾಡಿನಿಂದ ಹೊರಟ ಎರಡು ಕಪ್ಪೆಗಳಲ್ಲಿ ಬೆಂಗಳೂರಿಗೆ ಬಂದದ್ದು ಕಳೆದುಹೋಯಿತು, ಪ್ಯಾರಿಸ್ಸಿಗೆ ಹೋದದ್ದು ಉಳಿಯಿತು. ಮಾದರಿ ವಿದೇಶಕ್ಕೆ ಹೋಗಬಾರದು ಎಂದು ವಾದಿಸುವವರಲ್ಲಿ ನಾನೂ ಒಬ್ಬ. ಆದರೆ ಈ ಒಂದು ಸಂಗತಿ ಎದುರಾದಾಗ ಬಾಯಿ ಕಟ್ಟುತ್ತದೆ.

ಮುಂದಿನ ಕೆಲವು ದಶಕಗಳನ್ನು ಹಾರಿಸಿಕೊಂಡು ಹೋದರೆ ನಷ್ಟವಿಲ್ಲ. ಜಾಡಿ ಇಲ್ಲ, ಕಾಡಿನಲ್ಲಿ ಮತ್ತೆ ಹುಡುಕಿದವರು ವಿರಳ. ರಾಯರ ಹೆಸರುಗಳು ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತ ಹೋದವು. ಅವು ನಿಜಕ್ಕೂ ಬೇರೆ ಪ್ರಭೇದಗಳೇ ಎಂದು ಕೆಲವರಿಗೆ ಸಂಶಯ. ಅಳಿದೇ ಹೋಗಿರಬಹುದು ಎಂದು ಇನ್ನು ಕೆಲವರಿಗೆ.

2011ರ ಸೆಪ್ಟೆಂಬರ್‌ನಲ್ಲಿ ‘ಝೂಟ್ಯಾಕ್ಸ’ ಪತ್ರಿಕೆಯಲ್ಲಿ 96 ಪುಟದ ಪ್ರಬಂಧ ಬಂತು. ಮತ್ತೆ ಬಿಜು ಮತ್ತು ಸಂಗಡಿಗರೇ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಇರುಳುಗಪ್ಪೆಗಳ ಇಡೀ ಕುಲವನ್ನು ಅವರು ಹೊಸದಾಗಿ ಜಾಲಾಡಿದ್ದರು. 12 ಹೊಸ ಪ್ರಭೇದಗಳು ಸಿಕ್ಕವು. ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಅದನ್ನೇ. ನನಗೆ ಹೆಚ್ಚೆನಿಸಿದ್ದು ಜೊತೆಗೆ ಸಿಕ್ಕ ಹಳಬರು. 1920ರ ಕೊಡಗಿನ ಇರುಳುಗಪ್ಪೆ 91 ವರ್ಷದ ಮೇಲೆ ಮತ್ತೆ ಕಂಡಿತ್ತು. ಕೆಂಪುಹೊಳೆಯ ಇರುಳುಗಪ್ಪೆ ಮುಕ್ಕಾಲು ಶತಮಾನದ ಮೇಲೆ. ಎರಡೂ ನಾರಾಯಣ ರಾಯರವು. ಜಾಡಿ ಹೋದರೂ ಹುಡುಕಿದವರ ಕೈಯಲ್ಲಿ ಉಳಿದದ್ದು ಅಚ್ಚಾದ ಪುಟಗಳು: ಬಣ್ಣ, ಅಳತೆ, ಊರಿನ ಹೆಸರು. ರಾಯರು ಊರಿನ ಹೆಸರು ಬರೆಯದೆ ‘ದಕ್ಷಿಣ ಭಾರತ’ ಎಂದಷ್ಟೇ ಬರೆದಿದ್ದರೆ ಈ ಕಪ್ಪೆಗಳನ್ನು ಅವರ ಹೆಸರಿಗೆ ಜೋಡಿಸುವುದು ಆಗದ ಮಾತು.

ಇಷ್ಟು ಹೇಳಿದ ಮೇಲೆ ಈಗಿನ ಸಂಶೋಧನ ಪ್ರಕಟಣೆಯ ಲೆಕ್ಕಾಚಾರಕ್ಕೆ ಬರುತ್ತೇನೆ. ಕಪ್ಪೆಗಿಂತ ಜಾರುವ ವಿಷಯ ಅದು. ಫಿಲಡೆಲ್ಫಿಯಾದ ಯೂಜಿನ್ ಗಾರ್ಫೀಲ್ಡ್ 1955ರಲ್ಲಿ ಒಂದು ವಿಚಾರ ಮುಂದಿಟ್ಟರು: ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದರು ಎಂದು ಸೂಚಿ ಮಾಡಿದರೆ ಹೇಗೆ? ಅದರಿಂದ ಹುಟ್ಟಿದ್ದು ಇಂಪ್ಯಾಕ್ಟ್ ಫ್ಯಾಕ್ಟರ್. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಗೊಂಡವು ಎಂಬ ಅಂಕಿ. ಯಾವ ಪತ್ರಿಕೆ ತರಿಸಬೇಕೆಂದು ಗ್ರಂಥಾಲಯದವರು ತೀರ್ಮಾನಿಸಲು ಅದು ಒಳ್ಳೆಯ ಉಪಾಯವೇ. ಅದನ್ನು ಮೇಷ್ಟರುಗಳ ಬಡ್ತಿಗೆ ಕಟ್ಟಿದ್ದು ಮಾತ್ರ ಅನಾಹುತ. ನಮ್ಮ ಯುಜಿಸಿ 2010ರ ನಿಯಮಗಳಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ತಕ್ಕ ಹಾಗೆ ಹೆಚ್ಚುವರಿ ಅಂಕ ಕೊಡುವ ಏರ್ಪಾಟನ್ನೇ ಮಾಡಿತು.

ಎರಡು ವರ್ಷದ ಗಡುವಿನಲ್ಲಿ ನಾರಾಯಣ ರಾಯರ 1920ರ ಪ್ರಬಂಧಕ್ಕೆ ಎಷ್ಟು ಅಂಕ? ಅದಕ್ಕೆ ತಕ್ಕ ಓದುಗರು ಸಿಕ್ಕದ್ದು 91 ವರ್ಷದ ಮೇಲೆ. ಅಷ್ಟೇ ಅಲ್ಲ. ಪ್ರಾಣಿಯ ವೈಜ್ಞಾನಿಕ ಹೆಸರಿನ ಮುಂದೆ ‘ರಾವ್, 1937’ ಎಂದು ಬರೆಯುವುದು ರೂಢಿ. ಸಂರಕ್ಷಣೆಯ ವರದಿಗಳಲ್ಲಿ, ಪಟ್ಟಿಗಳಲ್ಲಿ ಹೀಗೆ ಎಷ್ಟೋ ಸಲ ಅವರ ಹೆಸರು ಬರುತ್ತದೆ. ಆದರೆ ಕೊನೆಯ ಗ್ರಂಥಋಣದ ಪಟ್ಟಿಯಲ್ಲಿ ಮೂಲ ಪ್ರಬಂಧ ಹೆಚ್ಚಾಗಿ ಸೇರುವುದಿಲ್ಲ, ಹಾಗಾಗಿ ಲೆಕ್ಕದ ಯಂತ್ರಕ್ಕೆ ಅದು ಕಾಣುವುದೂ ಇಲ್ಲ. ಬಳಸುವವರು ಸಾವಿರ, ಅಂಕ ಸೊನ್ನೆ.

ಈ ಅಸಂಬದ್ಧ ಬಯಲಿಗೆ ಬಂದದ್ದು 2020ರ ಮಧ್ಯಭಾಗದಲ್ಲಿ, ಅದೇ ಝೂಟ್ಯಾಕ್ಸದ ಮೂಲಕ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನುಸಿಗಳನ್ನು ಅಧ್ಯಯನ ಮಾಡುವ ಝಿ-ಚಿಯಾಂಗ್ ಝಾಂಗ್ 2001ರಲ್ಲಿ ಶುರುಮಾಡಿದ ಪತ್ರಿಕೆ ಅದು. ಹೊಸ ಪ್ರಾಣಿಗಳ ವಿವರಣೆಯಲ್ಲಿ ಜಗತ್ತಿನಲ್ಲೇ ಅಷ್ಟು ದೊಡ್ಡದು ಬೇರೊಂದಿಲ್ಲ. ತನ್ನನ್ನು ತಾನೇ ವಿಪರೀತ ಉಲ್ಲೇಖಿಸಿಕೊಳ್ಳುತ್ತದೆ ಎಂಬ ಆಪಾದನೆ ಹೊರಿಸಿ, ಈ ಅಂಕಿಯನ್ನು ಲೆಕ್ಕಹಾಕುವ ಕ್ಲ್ಯಾರಿವೇಟ್ ಕಂಪನಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಕಿತ್ತುಹಾಕಿತು. ಸಂತೆಗೆ ಒಂದೇ ಅಂಗಡಿ ಇದ್ದರೆ ಎಲ್ಲರ ಚೀಲದಲ್ಲೂ ಅದೇ ಅಂಗಡಿಯ ಸಾಮಾನು ಇರದೆ ಇನ್ನೇನಿರುತ್ತದೆ? ಇರುಳುಗಪ್ಪೆಯ ಬಗ್ಗೆ ಹೊಸದಾಗಿ ಬರೆಯುವವರು 2011ರ ಆ ಪ್ರಬಂಧವನ್ನು ಉಲ್ಲೇಖಿಸದೆ ಹೇಗೆ ಬರೆದಾರು? ಜಗತ್ತಿನ ಜೀವಿವರ್ಗೀಕರಣ ತಜ್ಞರು ಒಟ್ಟಾಗಿ ಗದ್ದಲ ಮಾಡಿದರು. ಕೆಲವೇ ವಾರಗಳಲ್ಲಿ ಕಂಪನಿ ತನ್ನ ತೀರ್ಮಾನ ಹಿಂತೆಗೆದುಕೊಂಡಿತು. ಈ ಜನ ಒಟ್ಟಾಗಿ ಜಗಳವಾಡಿ ಗೆದ್ದ ಉದಾಹರಣೆ ನನಗೆ ತಿಳಿದಂತೆ ಇದೊಂದೇ. ಮಾಮೂಲಿಗೆ ಅವರು ಪರಸ್ಪರ ಜಗಳವಾಡುತ್ತಾರೆ.

ಅಂಕಿಯ ಪ್ರಭಾವ ಬೇರೆ, ನಿಜವಾದ ಪ್ರಭಾವ ಬೇರೆ. ಹೆಸರಿಲ್ಲದ ಪ್ರಾಣಿ ಅಳಿವಿನ ಅಪಾಯ ಸೂಚಿಸುವ ಕೆಂಪು ಪಟ್ಟಿಗೆ ಸೇರುವುದಿಲ್ಲ, ಕೆಂಪು ಪಟ್ಟಿಯಲ್ಲಿಲ್ಲದ ಪ್ರಾಣಿಗಾಗಿ ಯಾವ ಅಧಿಕಾರಿಯೂ ಕಡತ ತಡೆಯುವುದಿಲ್ಲ. 2023ರಲ್ಲಿ ‘ನೇಚರ್’ ಪ್ರಕಟಿಸಿದ ಜಾಗತಿಕ ಸಮೀಕ್ಷೆ 8,011 ಉಭಯಚರ ಪ್ರಭೇದಗಳನ್ನು ಪರಿಶೀಲಿಸಿ, ಸುಮಾರು ಶೇ 41ರಷ್ಟು ಅಳಿವಿನ ಅಪಾಯದಲ್ಲಿವೆ ಎಂದಿತು. ಆ 8,011ರ ಒಂದೊಂದರ ಹಿಂದೆಯೂ ಯಾರೋ ಒಬ್ಬರು ಬರೆದ, ಬಹುಶಃ ಯಾರೂ ಓದದ, ಒಂದು ವಿವರಣೆ ಇದೆ. ದೂರ ಹೋಗುವುದೇ ಬೇಡ. ಕೆಂಪುಹೊಳೆ ಹರಿಯುವ ಗುಂಡ್ಯ ಕೊಳ್ಳದಲ್ಲಿ ಜಲವಿದ್ಯುತ್ ಯೋಜನೆಯೊಂದು ಬರುವುದಿತ್ತು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರ ವರದಿಯಲ್ಲಿ ಆ ಯೋಜನೆ ಬೇಡ ಎಂದಿತು. ಆ ಕೊಳ್ಳದ ಜೀವಸಂಪತ್ತಿನ ಬಗ್ಗೆ ನಡೆದ ವಾದಗಳಲ್ಲೆಲ್ಲ ಅಲ್ಲಿಯ ಕಪ್ಪೆಗಳು ಇದ್ದೇ ಇದ್ದವು. ಹೊಳೆಯ ದಂಡೆಯಲ್ಲಿ ಮೊದಲು ಕೂತವರು 1937ರ ಮೇಷ್ಟರು.

ಒಳ್ಳೆಯ ಸುದ್ದಿ ಇಲ್ಲವೆಂದಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು, ಮೊಟ್ಟೆಗಳಿಗೆ ಮಣ್ಣು ಮೆತ್ತುವ ಇರುಳುಗಪ್ಪೆಯನ್ನು ಕಂಡು 2014ರಲ್ಲಿ ಅದಕ್ಕೆ ‘ಕುಂಬಾರ’ ಎಂದೇ ವೈಜ್ಞಾನಿಕ ಹೆಸರಿಟ್ಟರು. ಗಂಡು ಕಪ್ಪೆ ಹೊಳೆಯ ತಳದಿಂದ ಕೆಸರು ತಂದು ಬಳಿಯುತ್ತದೆ. ಲ್ಯಾಟಿನ್ನಿನ ಪಕ್ಕದಲ್ಲಿ ಕನ್ನಡದ ಶಬ್ದ ಕೂತದ್ದು ನೋಡಲು ಖುಷಿ. ಅದೂ ಝೂಟ್ಯಾಕ್ಸದಲ್ಲೇ ಬಂದದ್ದು. ಅಲ್ಲಿ ಮುಕ್ತ ಓದಿಗೆ ಲೇಖಕರು ಹಣ ಕಟ್ಟದಿದ್ದರೆ ಪ್ರಬಂಧ ಚಂದಾದಾರರಿಗೆ ಮಾತ್ರ. ಹಣ ಕಟ್ಟುವ ಶಕ್ತಿ ನಮ್ಮ ಎಷ್ಟು ಕಾಲೇಜುಗಳಿಗಿದೆ? ಎಂಟು ದಶಕದ ಹಿಂದಿನ ನಾರಾಯಣ ರಾಯರ ಪ್ರಬಂಧವನ್ನಾದರೋ ಅಕಾಡೆಮಿಯ ಜಾಲತಾಣದಲ್ಲಿ ಕೊಟ್ಟಿಗೆಹಾರದ ಪಿಯುಸಿ ಹುಡುಗಿಯೂ ಕಾಸು ಕೊಡದೆ ಇಳಿಸಿಕೊಳ್ಳಬಹುದು. ಇಲ್ಲಿಯ ಶೋಧ ಇಲ್ಲೇ ಅಚ್ಚಾಗಲಿ ಎಂಬ ಹಟಕ್ಕೆ ಈಗ ಹೊಸ ಅರ್ಥ ಬಂದಿದೆ.

ಪುಟಗಳು ಉಳಿದವು. ಜಾಡಿಗಳ ವಿಷಯದಲ್ಲಿ ಇನ್ನೂ ಮಾಡಬಹುದಾದದ್ದಿದೆ. ರಾಜ್ಯದ ಹಳೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳ ಕಪಾಟಿನಲ್ಲಿ ದಶಕಗಳ ಹಿಂದಿನ ಮೇಷ್ಟರುಗಳು, ವಿದ್ಯಾರ್ಥಿಗಳು ತಂದಿಟ್ಟ ಮೀನು, ಹಾವು, ಕಪ್ಪೆಗಳಿವೆ. ಕಟ್ಟಡ ದುರಸ್ತಿಯಾದಾಗ, ವಿಭಾಗ ಸ್ಥಳ ಬದಲಿಸಿದಾಗ ಮೊದಲು ಹೊರಗೆ ಬೀಳುವುದು ಅವೇ. ಅಂಥ ವಿಭಾಗದಲ್ಲಿ ನೀವು ಪಾಠ ಹೇಳುತ್ತಿದ್ದರೆ, ಅಥವಾ ಓದುತ್ತಿದ್ದರೆ, ಚೀಟಿ ಅಳಿಸಿಹೋಗುವ ಮೊದಲು ಓದಿ, ಫೋಟೊ ತೆಗೆದಿಡಿ, ಬತ್ತಿದ ಜಾಡಿಗೆ ಸ್ಪಿರಿಟ್ ತುಂಬಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಗೆ ಒಂದು ಪತ್ರ ಬರೆಯಿರಿ. ಗುಜರಿಗೆ ಹಾಕುವ ಮುಂಚೆ ಯಾರನ್ನಾದರೂ ಕೇಳಿ.