ಶಾಲೆಯ ಕೊಳದ ಹೂಳಲ್ಲಿ ಯಾರ್ಯಾರಿದ್ದಾರೆ ಗೊತ್ತಾ!

ಶಾಲೆಯ ಹಿಂದೆ ಪಾಳುಬಿದ್ದ ಕೊಳದಿಂದ ಒಂದು ಬೊಗಸೆ ಹೂಳೆತ್ತಿ ಬಿಳಿ ತಟ್ಟೆಗೆ ಹಾಕಿ, ಮೇಲಷ್ಟು ನೀರು ಸುರಿದು ಕಾಯಿರಿ. ಅಗೋ, ಕೆಸರೇ ಮಿಸುಕಾಡುತ್ತಿದೆ! ಆರು ಕಾಲಿನ ಈ ಮಣ್ಣುಬಣ್ಣದ ಕುರೂಪಿ ಬೇರಾರೂ ಅಲ್ಲ, ಏರೋಪ್ಲೇನ್ ಚಿಟ್ಟೆಯ ಮರಿ. ಇದರ ಕಿವಿರು ಎಲ್ಲಿದೆ ಅಂತೀರಿ? ಗುದನಾಳದೊಳಗೆ! ಅಲ್ಲಿಗೆ ಎಳೆದುಕೊಂಡ ನೀರನ್ನೇ ಹಿಂದಕ್ಕೆ ಚಿಮ್ಮಿ ರಾಕೆಟ್ಟಿನಂತೆ ಮುನ್ನುಗ್ಗುತ್ತದೆ. ಮುಖದಡಿ ಮಡಚಿಟ್ಟ ಕೆಳದುಟಿ ಛಕ್ಕನೆ ಚಾಚಿತೋ, ಸೊಳ್ಳೆಮರಿ ಮಾಯ.

ಪಕ್ಕದಲ್ಲೇ, ಬೆನ್ನ ತುಂಬ ಮೊಟ್ಟೆ ಹೊತ್ತ ಚಪ್ಪಟೆ ನೀರುತಿಗಣೆ. ಅಮ್ಮ ಅಲ್ಲ ಸ್ವಾಮಿ, ಅಪ್ಪ! ಹೆಣ್ಣು ಮೊಟ್ಟೆ ಅಂಟಿಸಿ ಹೊರಟುಬಿಡುತ್ತಾಳೆ. ಮರಿಯಾಗುವ ತನಕ ಅವನ್ನು ಮೇಲೆ ತಂದು ಗಾಳಿ ತೋರಿಸುವ ಚಾಕರಿ ಇವನದು. ಇನ್ನು ಚುಕ್ಕೆಯಷ್ಟೇ ಕಾಣುವ ಡಾಫ್ನಿಯಾ ಎಂಬ ನೀರುಜೀವಿಯ ಮೊಟ್ಟೆಗಳು ಹೂಳಿನಲ್ಲಿ ಹತ್ತಾರು ವರ್ಷ ನಿದ್ದೆಹೊಡೆದು ಎದ್ದದ್ದೂ ಉಂಟು.

ಏರೋಪ್ಲೇನ್ ಚಿಟ್ಟೆಗಳಲ್ಲೇ ಪ್ಯಾಂಟಾಲ ಎಂಬ ಹಳದಿ ಮೈಯದೊಂದಿದೆ. ಮಳೆಗಾಲದ ಗುಂಡಿನೀರಲ್ಲಿ ಬೆಳೆದು ಕಡಲನ್ನೇ ದಾಟುತ್ತದೆ! ಸಿಹಿನೀರಿನ ಹೊಂಡಗಳೇ ಅಪರೂಪವಾದ ಮಾಲ್ಡೀವ್ಸ್‌ನಲ್ಲಿ ಪ್ರತಿ ಅಕ್ಟೋಬರಿಗೆ ಇವು ರಾಶಿರಾಶಿ ಇಳಿಯುವುದನ್ನು ಕಂಡ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಇವು ಭಾರತದಿಂದ ಹೊರಟು ಪೂರ್ವ ಆಫ್ರಿಕಕ್ಕೆ ಹೋಗುತ್ತವೆಂದು 2009ರಲ್ಲಿ ವಾದ ಮಂಡಿಸಿದರು.

ಇಂಥವರ ತೊಟ್ಟಿಲನ್ನು ನಾವು ‘ಉದ್ಧಾರ’ ಮಾಡುವ ಬಗೆ ನೋಡಿ. ಜೆಸಿಬಿಯಲ್ಲಿ ತಳ ಕೆರೆದು, ಕಾಂಕ್ರೀಟ್ ಬಳಿದು, ಬ್ಲೀಚಿಂಗ್ ಪೌಡರ್ ಎರಚುವುದು; ಸೊಳ್ಳೆ ನೆಪದಲ್ಲಿ ಗಂಬೂಸಿಯಾ ಮೀನು ಬಿಡುವುದು. ಆ ಮೀನು ಗೊದಮೊಟ್ಟೆಗಳನ್ನೂ ಉಳಿಸದು. ಉದ್ಘಾಟನೆಯ ಫೋಟೋಗೇನೋ ಚೆಂದ, ಕೊಳ ಮಾತ್ರ ಸತ್ತಿರುತ್ತದೆ.

ಬೇಕಾದದ್ದು ಗುದ್ದಲಿ, ಬಾಂಡ್ಲಿ, ಒಂದಿಷ್ಟು ಸಂಯಮ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಅರ್ಧ ಕೊಳದ ಹೂಳನ್ನಷ್ಟೇ ಎತ್ತಬೇಕು. ಉಳಿದರ್ಧ ಮುಂದಿನ ವರ್ಷಕ್ಕಿರಲಿ, ಜೀವಗಳು ಅಲ್ಲಿಂದ ಇತ್ತ ಹಬ್ಬುತ್ತವೆ. ಕಿತ್ತ ಅಂತರಗಂಗೆಯನ್ನು ಒಂದು ರಾತ್ರಿ ದಡದಲ್ಲೇ ಬಿಟ್ಟರೆ ಒಳಗಿದ್ದ ಹುಳುಗಳಲ್ಲಿ ಎಷ್ಟೋ ನೀರಿಗೆ ಮರಳುತ್ತವೆ. ಆಮೇಲೆ ಸೊಪ್ಪು ಗೊಬ್ಬರದ ಗುಂಡಿಗೆ. ಕಪ್ಪೆ ಹತ್ತಿಬರಲು ಒಂದು ಬದಿ ಇಳಿಜಾರಿರಲಿ. ಸುತ್ತ ಬೇಲಿ, ಗೇಟಿಗೆ ಬೀಗ: ಮಕ್ಕಳಿರುವ ಜಾಗ, ಇದರಲ್ಲಿ ರಾಜಿಯಿಲ್ಲ.

ಶಾಲಾಭಿವೃದ್ಧಿ ಸಮಿತಿಯವರೇ (ಎಸ್‌ಡಿಎಂಸಿ), ಕೊಳದ ಎಸ್ಟಿಮೇಟಿಗೆ ಸಹಿ ಹಾಕುವ ಮುನ್ನ ಕಾಂಕ್ರೀಟಿನ ಸಾಲನ್ನು ದಯವಿಟ್ಟು ಹೊಡೆದುಹಾಕಿ.