ಹಿಮದಲ್ಲಿ ಜಿಂಕೆಯ ಹೆಜ್ಜೆ

ಅಮೆರಿಕದ ಈಶಾನ್ಯದಲ್ಲಿರುವ ಮೇನ್ ರಾಜ್ಯದ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಗಳಿವೆ. ಮೊದಲ ಹಿಮ ಬಿದ್ದೊಡನೆ ಬೇಟೆಗಾರನು ಅವುಗಳ ಹೆಜ್ಜೆಯ ಜಾಡು ಹಿಡಿದು ಹೊರಡುತ್ತಾನೆ. ಹೆಜ್ಜೆ ಈಗಿನದೋ, ನಿನ್ನೆಯದೋ? ಅದರ ಅಂಚನ್ನು ಬೆರಳಿನಿಂದ ಒತ್ತಿ ನೋಡುತ್ತಾನೆ. ಮೆತ್ತಗಿದ್ದರೆ ಜಿಂಕೆ ಸಮೀಪದಲ್ಲಿರಬಹುದು. ಗಟ್ಟಿಯಾಗಿದ್ದರೆ ಬಹುದೂರ ಸಾಗಿರಬೇಕು.

ಇದಕ್ಕೆ ಕಾರಣವೇನು? ಗೊರಸು ತುಳಿದಾಗ ಹಿಮದ ಹರಳುಗಳು ಮುರಿದು ಒತ್ತೊತ್ತಾಗುತ್ತವೆ. ಒಂದನ್ನೊಂದು ತಾಗಿದ ಕಣಗಳು ಕ್ರಮೇಣ ಬೆಸೆದುಕೊಳ್ಳುತ್ತವೆ. ಕರಗುತ್ತಿರುವ ಮಂಜುಗಡ್ಡೆಯ ಎರಡು ತುಂಡುಗಳು ತಾಗಿದಾಗ ಅಂಟಿಕೊಳ್ಳುವುದನ್ನು ಮೈಕೇಲ್ ಫ್ಯಾರಡೆ 1850ರಲ್ಲಿಯೇ ವಿವರಿಸಿದ್ದನು. ಕಡುಚಳಿಯಲ್ಲಿ ಈ ಬೆಸುಗೆ ನಿಧಾನ. ಆದುದರಿಂದ ಹಿಂದಿನ ರಾತ್ರಿಯ ಹವೆಯನ್ನು ಮರೆತವನು ಹೆಜ್ಜೆಯ ವಯಸ್ಸನ್ನು ತಪ್ಪಾಗಿ ಎಣಿಸುತ್ತಾನೆ.

ಇನ್ನು ಒತ್ತಡದ ಲೆಕ್ಕ. ಜಿಂಕೆಯ ತೂಕ 70 ಕಿಲೋಗ್ರಾಂ, ನಾಲ್ಕು ಗೊರಸುಗಳ ವಿಸ್ತೀರ್ಣ 120 ಚದರ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 580 ಗ್ರಾಂ ಭಾರ ಬೀಳುತ್ತದೆ. ಅಷ್ಟೇ ತೂಕದ ಮನುಷ್ಯನು ಒಟ್ಟು 3,000 ಚದರ ಸೆಂಟಿಮೀಟರಿನ ಅಗಲವಾದ ಹಿಮಪಾದುಕೆಗಳನ್ನು ಕಟ್ಟಿಕೊಂಡರೆ ಬೀಳುವುದು ಸುಮಾರು 23 ಗ್ರಾಂ ಮಾತ್ರ! ಆಳವಾದ ಹಿಮದಲ್ಲಿ ಜಿಂಕೆ ಹೊಟ್ಟೆಯವರೆಗೆ ಹೂತುಹೋದರೂ ಅವನು ಮೇಲೆಯೇ ನಡೆಯಬಲ್ಲನು. ಆಗ ಅದು ಬೇಟೆಯಲ್ಲ, ಕೊಲೆ.

ಆ ರಾಜ್ಯದಲ್ಲಿ ಬಂದೂಕಿನ ಬೇಟೆಯ ಮುಖ್ಯ ಋತು ನವೆಂಬರಿನಲ್ಲಿಯೇ ಮುಗಿಯುತ್ತದೆ. ಅನಂತರದ ತಿಂಗಳುಗಳಲ್ಲಿ ಮೇವು ವಿರಳ; ಜಿಂಕೆ ಬಹುಮಟ್ಟಿಗೆ ಮೈಯ ಕೊಬ್ಬನ್ನೇ ಕರಗಿಸಿ ಬದುಕಬೇಕು. ಆಗ ಗುಂಡು ಹಾರಿಸದೆ ಸುಮ್ಮನೆ ಅಟ್ಟಿದರೂ ಅದರ ಪ್ರಾಣಕ್ಕೆ ಕುತ್ತು ಬರಬಹುದು.